ಚೈನಿನ ಉದ್ದ (ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್)

ಮುಂದೆ, ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಗೇರ್ ಸೈಕಲ್ಲಿಗೆ ಬೇಕಾದ ಚೈನಿನ ಅಳತೆ. ಮಂಡ್ಯ, ಮದ್ದೂರು, ಮಳವಳ್ಳಿಯ ಊರುಗಳಲ್ಲಿ ಓಡುವ ಗೇರಿಲ್ಲದ ಸೈಕಲ್ಲಿನ ಚೈನು ಸಡಿಲವಾದರೆ ಹಿಂಚಕ್ರವನ್ನು ತುಸು ಹಿಂದಕ್ಕೆಳೆದು ನಟ್ ಬಿಗಿದರೆ ಸಾಕು. ಇಲ್ಲಿ ಆ ಉಪಾಯ ನಡೆಯದು. ಸಸ್ಪೆನ್ಷನ್ ಕುಗ್ಗಿದಾಗ ಪೆಡಲಿನ ಅಚ್ಚಿಗೂ ಹಿಂಚಕ್ರದ ಅಚ್ಚಿಗೂ ನಡುವಿನ ಅಂತರ ಸಾಮಾನ್ಯವಾಗಿ ಹಿಗ್ಗುತ್ತದೆ. ನಿಂತ ಸೈಕಲ್ಲಿನಲ್ಲಿ ಸರಿಯೆನಿಸಿದ ಚೈನು ಕಲ್ಲಿನ ಇಳಿಜಾರಿನಲ್ಲಿ ಗಿಡ್ಡವಾಗಿ, ಗೇರ್ ಬದಲಿಸುವ ಡಿರೇಲರನ್ನೇ ಕಿತ್ತುಹಾಕಬಹುದು.

ಆದ್ದರಿಂದ ಹಿಂದಿನ ಸಸ್ಪೆನ್ಷನ್ನಿನ ಶಾಕ್‌ನ ಗಾಳಿ ಬಿಟ್ಟು, ಸ್ಪ್ರಿಂಗ್ ಇದ್ದರೆ ಕಳಚಿ, ಹಿಂಭಾಗವನ್ನು ನಿಧಾನವಾಗಿ ಒತ್ತುತ್ತ ಆ ಅಂತರ ಗರಿಷ್ಠವಾಗುವ ಜಾಗ ಹಿಡಿಯಬೇಕು. ಕೆಲವು ವಿನ್ಯಾಸಗಳಲ್ಲಿ ಅದು ಪೂರ್ತಿ ಕುಗ್ಗುವ ಮೊದಲೇ ಬರುತ್ತದೆ. ಅಂತರ ಗರಿಷ್ಠವಾದ ಸ್ಥಿತಿಯಲ್ಲೇ ಚೈನನ್ನು ಡಿರೇಲರಿಗೆ ಹಾಯಿಸದೆ ಮುಂದಿನ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಗಳ ಮೇಲೆ ಸುತ್ತಿ, ತುದಿಗಳು ಕೂಡುವಲ್ಲಿಂದ ಒಂದು ಒಳಕೊಂಡಿ, ಒಂದು ಹೊರಕೊಂಡಿ, ಅಂದರೆ 25.4 ಮಿ.ಮೀ. ಹೆಚ್ಚು ಬಿಡುವುದು ರೂಢಿ. ತಯಾರಕರ ಸೂಚನೆ ಬೇರೆಯಿದ್ದರೆ ಅದೇ ಅಂತಿಮ.

ಹಳೆಯ ಚೈನಿನ ಪಕ್ಕದಲ್ಲಿ ಹೊಸದನ್ನು ಹಿಡಿದು ಕತ್ತರಿಸುವುದು ತಪ್ಪು. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಏರಿಯ ಕೆಸರು, ದೂಳು ಪಿನ್ನುಗಳನ್ನು ಸವೆಸುತ್ತವೆ. 114 ಕೊಂಡಿಗಳ ಚೈನು ಶೇ. 0.5ರಷ್ಟು ಸವೆದರೆ ಸುಮಾರು 7 ಮಿ.ಮೀ. ಹಿಗ್ಗಿರುತ್ತದೆ. ಕೊಂಡಿ ಎಣಿಸಿಯೇ ಕತ್ತರಿಸಬೇಕು.