ಕುಕ್ಕರ್ ಸೀಟಿ ಹೊಡೆದರೆ ಗಿಳಿ ಯಾಕೆ ಒದರುತ್ತದೆ?



ಹೋದ ವಾರ ಏಳನೇ ತರಗತಿಯಲ್ಲಿ ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದ ಪಾಠ ಮಾಡುತ್ತಿದ್ದೆ. ಮಾತಿಗೆ ಮಾತು ಬಂತು. ಹರ್ಷನ ಆಸ್ಥಾನದಲ್ಲಿ ಬಾಣಭಟ್ಟ ಎಂಬ ಕವಿ ಇದ್ದ, ಅವನ 'ಕಾದಂಬರಿ'ಯಲ್ಲಿ ಕಥೆ ಹೇಳುವುದೇ ಒಂದು ಗಿಳಿ ಅಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ನಮ್ಮ ಮನ್ಯಾಗ ಒಂದು ಗಿಳಿ ಅದ. ಕುಕ್ಕರ್ ಸೀಟಿ ಹೊಡದ್ರ ಸಾಕ್ರಿ, ಒಂದೇ ಸವನ ಒದರ್ತದ. ಅಜ್ಜಿ ಲಟ್ಟಣಿಗಿ ತಗೊಂಡು ಪಂಜರಕ್ಕ ಬಡೀತಾಳ. ಆದ್ರ ಮಗ್ಗದ ಸಪ್ಪಳಕ್ಕ ಸುಮ್ನಿರ್ತದ. ಯಾಕ್ರಿ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಉತ್ತರವೂ ಆಗ ಹೊಳೆಯಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ಕೂತೆ. ಓದಿದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು.

ಗಿಳಿಯ ಬಗ್ಗೆ ಪಶ್ಚಿಮದವರು ಬರೆದ ತೀರ ಹಳೆಯ ಮಾತುಗಳಲ್ಲಿ ಒಂದು ಕ್ರಿ.ಪೂ. 400ರ ಸುಮಾರಿನದು. ಪರ್ಷಿಯಾದ ಅರಮನೆಯಲ್ಲಿ ವೈದ್ಯನಾಗಿದ್ದ ಗ್ರೀಕರ ಕ್ಟೀಸಿಯಸ್ ಬರೆದದ್ದು. ಭಾರತದಲ್ಲೊಂದು ಹಕ್ಕಿ ಇದೆ, ಅದು ಮನುಷ್ಯರಂತೆ ಅಲ್ಲಿನ ಭಾಷೆ ಮಾತಾಡುತ್ತದೆ, ಕಲಿಸಿದರೆ ಗ್ರೀಕನ್ನೂ ಮಾತಾಡುತ್ತದೆ ಅಂತ ಬರೆದ. ಆಮೇಲೆ ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಕೂಡ ಗಿಳಿಯನ್ನು ದೊಡ್ಡ ವಿಸ್ಮಯ ಎಂದೇ ಬರೆದ. ಕ್ರಿ.ಶ. 2ನೆಯ ಶತಮಾನದ ಇತಿಹಾಸಕಾರ ಆರಿಯನ್ ಹೊತ್ತಿಗೆ ಆ ಬೆರಗು ಹೋಗಿತ್ತು. ನಾನೇ ಬೇಕಾದಷ್ಟು ನೋಡಿದ್ದೇನೆ, ವಿಶೇಷವೇನಿದೆ ಅಂತ ಬಿಟ್ಟುಬಿಟ್ಟ!

ನಮ್ಮವರು ಕಡಿಮೆಯೇನಲ್ಲ. ವಾತ್ಸ್ಯಾಯನ ಹೇಳುವ 64 ಕಲೆಗಳಲ್ಲಿ ಗಿಳಿ ಮತ್ತು ಗೊರವಂಕಕ್ಕೆ ಮಾತು ಕಲಿಸುವುದೂ ಒಂದು. 'ಅಮರುಶತಕ'ದಲ್ಲಿ ಒಂದು ಪ್ರಸಂಗ ಬರುತ್ತದೆ. ರಾತ್ರಿ ಗಂಡ ಹೆಂಡತಿ ಆಡಿದ ಮಾತನ್ನು ಗಿಳಿ ಬೆಳಿಗ್ಗೆ ಹಿರಿಯರ ಮುಂದೆ ಒಪ್ಪಿಸತೊಡಗುತ್ತದೆ. ನಾಚಿದ ಸೊಸೆ ಕಿವಿಯೋಲೆಯ ಕೆಂಪು ಹರಳನ್ನೇ ದಾಳಿಂಬೆ ಕಾಳೆಂದು ಅದರ ಕೊಕ್ಕಿಗೆ ಇಟ್ಟು ಬಾಯಿ ಮುಚ್ಚಿಸುತ್ತಾಳೆ. ಹರ್ಷನದೇ 'ರತ್ನಾವಳಿ' ನಾಟಕದಲ್ಲಿ ಗೊರವಂಕವೊಂದು ನಾಯಕಿಯ ಗುಟ್ಟನ್ನು ಬಯಲು ಮಾಡುತ್ತದೆ.

ಗಮನಿಸಿದಿರಾ? ಎಲ್ಲ ಕಡೆಯೂ ಹಕ್ಕಿ ನಮ್ಮ ಮಾತನ್ನು ತಿರುಗಿ ಹೇಳುವುದೇ ದೊಡ್ಡ ಸುದ್ದಿ. ಅದು ತನ್ನದೇ ದನಿಯಲ್ಲಿ ಕೂಗಿದರೆ ಅದು ಗಲಾಟೆ!

ಬಾಣಭಟ್ಟ ಮಾತ್ರ ಬೇರೆ. ಅವನ ಕಥೆಯಲ್ಲಿ ಪಂಪಾ ಸರೋವರದ ದಡದಲ್ಲಿ ದೊಡ್ಡದೊಂದು ಬೂರುಗದ ಮರ (ಪಂಪಾ ಅಂದರೆ ನಮಗೆ ಆನೆಗೊಂದಿಯೇ ನೆನಪಾಗುವುದು). ಅದರ ಪೊಟರೆಯಲ್ಲಿ ಗಿಳಿಮರಿ. ಒಂದು ಬೆಳಿಗ್ಗೆ ಕಾಡಿನಲ್ಲಿ ಬೇಟೆಯ ಕೋಲಾಹಲ ಏಳುತ್ತದೆ. ಎಂದೂ ಕೇಳದ ಆ ಸದ್ದಿಗೆ ಮರಿ ನಡುಗಿ ಅಪ್ಪನ ರೆಕ್ಕೆಯೊಳಗೆ ನುಸುಳುತ್ತದೆ. ಸದ್ದು ಕೇಳಿದಾಗ ಗಿಳಿಯ ಎದೆಯಲ್ಲಿ ಏನಾಗುತ್ತದೆ ಎಂದು 7ನೆಯ ಶತಮಾನದಲ್ಲೇ ಒಬ್ಬ ಕವಿ ಯೋಚಿಸಿದ್ದ. ಆ ಕಾವ್ಯವನ್ನು ಕನ್ನಡಕ್ಕೆ ತಂದವನು 'ಕರ್ಣಾಟಕ ಕಾದಂಬರಿ' ಬರೆದ ನಮ್ಮ ನಾಗವರ್ಮ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ.

ಗಿಳಿ ಒಂಟಿ ಹಕ್ಕಿ ಅಲ್ಲ, ಹಿಂಡಿನ ಹಕ್ಕಿ. ಬೆಳಗಾದರೆ ಹಿಂಡು ಹಿಂಡಾಗಿ ಹೊರಡುತ್ತವೆ, ಸಂಜೆ ಒಂದೇ ಮರಕ್ಕೆ ಮರಳುತ್ತವೆ. ಎಲೆ ಮರೆಯಲ್ಲಿ ಹಸಿರು ಹಕ್ಕಿ ಹಸಿರು ಹಕ್ಕಿಗೆ ಕಾಣುವುದು ಕಷ್ಟ. ಹಾಗಾಗಿ 'ನಾನಿಲ್ಲಿದ್ದೀನಿ, ನೀನೆಲ್ಲಿ?' ಅಂತ ಕೂಗುತ್ತಲೇ ಇರಬೇಕು. ಪಂಜರದ ಗಿಳಿಗೆ ಹಿಂಡು ಯಾವುದು? ನಾವೇ. ಅಡುಗೆ ಮನೆಯಲ್ಲಿ ಸೀಟಿ ಕೇಳಿದರೆ ಅದಕ್ಕೆ ಯಾರೋ ಕೂಗಿದಂತೆ. ಹಕ್ಕಿಗಳ ಕಿವಿ ಹೆಚ್ಚು ಚುರುಕಾಗಿರುವುದು 1ರಿಂದ 5 ಕಿಲೋಹರ್ಟ್ಜ್ ಒಳಗಿನ ಸದ್ದಿಗೆ. ಸೀಟಿಯಂಥ ಚೂಪು ದನಿಗಳು ಬಹುಮಟ್ಟಿಗೆ ಅಲ್ಲೇ ಬರುತ್ತವೆ.

ಎರಡನೆಯದು, ಸದ್ದಿನ ಮೇಲೆ ಸದ್ದು. ಗದ್ದಲದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ ಎಂದು 1911ರಲ್ಲಿ ಫ್ರಾನ್ಸಿನ ವೈದ್ಯ ಲೊಂಬಾರ್ ತೋರಿಸಿಕೊಟ್ಟ. ನಾವು 'ಲವ್ ಬರ್ಡ್ಸ್' ಅನ್ನುವ ಪುಟ್ಟ ಆಸ್ಟ್ರೇಲಿಯಾ ಗಿಳಿಗಳೂ ಹಾಗೇ ಮಾಡುತ್ತವೆ ಎಂದು 1998ರಲ್ಲಿ ಪ್ರಯೋಗದಿಂದ ತಿಳಿಯಿತು. ಮಿಕ್ಸಿ ತಿರುಗಿದರೆ ಗಿಳಿಯ ದನಿ ಏರುವುದು ಇದಕ್ಕೇ. ಮೇಷ್ಟ್ರು "ಸೈಲೆನ್ಸ್!" ಅಂತ ಕಿರುಚಿದಷ್ಟೂ ಕ್ಲಾಸಿನ ಗದ್ದಲ ಏರುವುದು ನಮಗೆ ಹೊಸದೇ?

ಮೂರನೆಯದು ನಮ್ಮದೇ ತಪ್ಪು. ಗಿಳಿ ಕೂಗಿತು, ಅಜ್ಜಿ ಲಟ್ಟಣಿಗೆ ಹಿಡಿದು ಓಡಿ ಬಂದಳು. ಅಜ್ಜಿಗೆ ಅದು ಶಿಕ್ಷೆ, ಗಿಳಿಗೆ ಮಾತ್ರ ಕರೆದ ಕೂಡಲೇ ಒಬ್ಬರು ಬಂದಂತೆ. ಕೂಗಿದರೆ ಬರುತ್ತಾರೆ ಎಂಬ ಪಾಠ ಅದು ಚೆನ್ನಾಗಿ ಕಲಿತಿದೆ.

ಹಾಗಾದರೆ ಮಗ್ಗ? ನಾರಾಯಣಪೇಟೆ, ಗದ್ವಾಲ್ ಸೀರೆಗಳ ಊರುಗಳಿವು, ಮಗ್ಗದ ಟಕಟಕ ಇಲ್ಲಿ ತಲೆಮಾರುಗಳ ಸದ್ದು. ಒಂದೇ ಲಯದಲ್ಲಿ ದಿನವಿಡೀ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಬೀಸುಕಲ್ಲು, ಒನಕೆ ಇವೂ ಅಂಥವೇ. ತಟ್ಟನೆ ಚೀರಿ ತಟ್ಟನೆ ನಿಲ್ಲುವ ಸದ್ದು ನಮ್ಮ ಮನೆಗಳಿಗೆ ಬಂದದ್ದು ಈಚೆಗೆ. ಹಬೆಯ ಒತ್ತಡದಲ್ಲಿ ಬೇಯಿಸುವ ಪಾತ್ರೆಯನ್ನು ದೆನಿ ಪಾಪಿನ್ 1679ರಲ್ಲೇ ಲಂಡನ್ನಿನಲ್ಲಿ ತೋರಿಸಿದ್ದರೂ, ನಮ್ಮ ದೇಶದಲ್ಲಿ ಕುಕ್ಕರ್ ತಯಾರಿಕೆ ಬೇರೂರಿದ್ದು 1959ರ ಆಸುಪಾಸಿನಲ್ಲಿ. ಗಿಳಿ ಮನೆಯೊಳಗೆ ಬಂದು ಸಾವಿರಾರು ವರ್ಷ ಆಯಿತು, ಸೀಟಿ ಬಂದು ಒಂದು ಜೀವಮಾನವೂ ಆಗಿಲ್ಲ.

ಇನ್ನೊಂದು ವಿಷಯ ಓದಿ ನನಗೆ ಮೈ ಜುಮ್ಮೆಂದಿತು. ಕೋಸ್ಟರೀಕಾ ದೇಶದ ಅಮೆಜಾನ್ ಗಿಳಿಗಳಲ್ಲಿ ಪ್ರದೇಶಕ್ಕೊಂದು ಕೂಗಿನ ಬಗೆ ಇದೆ, ನಮ್ಮ ಆಡುನುಡಿಗಳ ಹಾಗೆ. ಎರಡು ಪ್ರದೇಶಗಳ ಗಡಿಯಲ್ಲಿರುವ ಗಿಳಿಗಳಲ್ಲಿ ಹಲವು ಎರಡೂ ಬಗೆ ಕೂಗುತ್ತವೆ ಎಂದು 1996ರ ಅಧ್ಯಯನ ತಿಳಿಸಿತು. ನಮ್ಮ ಮಕ್ಕಳೇ ಅಲ್ಲವೇ ಇವು? ಗದ್ವಾಲ್, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆ ವರ್ಷದ ನವೆಂಬರ್ 1ರಂದು ಗೆರೆ ಬಿತ್ತು, ಅವು ಆಂಧ್ರಕ್ಕೆ ಸೇರಿದವು. 2014ರಿಂದ ತೆಲಂಗಾಣ. ಮಕ್ತಲ್, ನಾರಾಯಣಪೇಟೆ ಮಕ್ಕಳು ಒಲೆ ಮುಂದೆ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತಾರೆ. ಇದು ಗೊಂದಲ ಅಲ್ಲ, ಎರಡು ಹಿಂಡಿನ ನಡುವೆ ಬದುಕುವ ಜಾಣತನ. ಆ ಹುಡುಗಿಯ ಮನೆಯ ಗಿಳಿಯೂ ಅಷ್ಟೇ, "ಬಾ" ಅನ್ನುತ್ತದೆ, "ರಾ" ಅನ್ನುತ್ತದೆ. ಅರ್ಥವಿಲ್ಲದ ಬಾಯಿಪಾಠಕ್ಕೆ 'ಗಿಳಿಪಾಠ' ಅನ್ನುತ್ತೇವೆ. ಪಾಪ, ಅದು ಸುಮ್ಮನೆ ಒಪ್ಪಿಸುತ್ತಿಲ್ಲ, ನಮ್ಮ ಹಿಂಡಿಗೆ ಸೇರಲು ನೋಡುತ್ತಿದೆ.

ಶನಿವಾರ ಅವರ ಮನೆಗೆ ಹೋಗಿದ್ದೆ. ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹೌದೇನ್ರಿ ಸರ? ಅದು ಕರೀಲಿಕತ್ತದ? ನಾ ಎದುರು ಮಾತಾಡ್ತದ ಅಂತ ತಿಳ್ಕೊಂಡಿದ್ದೆ."

ಇನ್ನೊಂದು ಮಾತನ್ನೂ ಹೇಳಲೇಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಹಾಗಂತ ಪಂಜರದ ಬಾಗಿಲು ತೆರೆದು ಹಾರಿಸಿಬಿಟ್ಟರೂ ಆಗದು. ಮನೆಯಲ್ಲೇ ಬೆಳೆದದ್ದಕ್ಕೆ ಕಾಳು ಹುಡುಕಲೂ ಬಾರದು, ಬೆಕ್ಕಿನ ಭಯವೂ ಗೊತ್ತಿರದು. ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದೇ ದಾರಿ. ಮನೆಯವರು ಒಪ್ಪಿದ್ದಾರೆ. ಅಲ್ಲಿಯವರೆಗೆ ಪಂಜರ ಅಡುಗೆ ಮನೆಯಿಂದ ಪಡಸಾಲೆಗೆ ಬಂದಿದೆ. ಸೀಟಿ ಹೊಡೆದಾಗ ಅಜ್ಜಿ ಮಗ್ಗದ ಹತ್ತಿರದಿಂದಲೇ "ಇಲ್ಲೇ ಅದೀನಿ" ಅನ್ನುತ್ತಾರಂತೆ. ಕೂಗು ಪೂರಾ ನಿಂತಿಲ್ಲ, ಕಡಿಮೆಯಾಗಿದೆ ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. ನನಗೂ ಹೆಚ್ಚು ಮಾತಾಡಲಾಗಲಿಲ್ಲ.

ಎರಡು ಸಾವಿರ ವರ್ಷಕ್ಕೂ ಮೇಲಾಯಿತು, ಗಿಳಿಗೆ ನಮ್ಮ ಮಾತು ಕಲಿಸುತ್ತಲೇ ಇದ್ದೇವೆ. ಅದು ಏನು ಹೇಳುತ್ತಿದೆ ಎಂದು ಕೇಳಿದ್ದು ಕಡಿಮೆ. ನಿಮ್ಮ ಶಾಲೆಯ ಮಕ್ಕಳನ್ನು ಒಂದು ಸಂಜೆ ಊರಾಚೆಯ ಮರದ ಕೆಳಗೆ ಕರೆದೊಯ್ಯಿರಿ, ಗಿಳಿಗಳು ಮರಳುವ ಹೊತ್ತಿಗೆ. ಏನು ಕೇಳಿಸಿತು ಅಂತ ಮಕ್ಕಳು ಬರೆಯಲಿ, ಕನ್ನಡದಲ್ಲೇ. ನನಗೂ ತಿಳಿಸಿ.