ಸಂಗಾತಿಯ ಮರಣದ ನಂತರ: ಮನಸ್ಸಿನ ಹೊಂದಾಣಿಕೆ ಮತ್ತು ಕಚೇರಿ ಕೆಲಸಗಳು

ಪತಿ ಅಥವಾ ಪತ್ನಿಯ ಮರಣವು ವ್ಯಕ್ತಿಯ ಜೀವನದಲ್ಲಿ ಸಂಭವಿಸುವ ಬದಲಾವಣೆಗಳಲ್ಲಿ ಅತ್ಯಂತ ಕಠಿಣವಾದುದು. ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಅವರು 1967ರಲ್ಲಿ 43 ಜೀವನ ಘಟನೆಗಳ ಪಟ್ಟಿಯೊಂದನ್ನು ಪ್ರಕಟಿಸಿ, ಪ್ರತಿಯೊಂದಕ್ಕೂ ಹೊಂದಿಕೊಳ್ಳಲು ಬೇಕಾಗುವ ಶ್ರಮವನ್ನು ಅಂಕಗಳಲ್ಲಿ ಸೂಚಿಸಿದರು. ಅದರಲ್ಲಿ ವಿವಾಹಕ್ಕೆ 50, ನಿವೃತ್ತಿಗೆ 45 ಅಂಕಗಳಿದ್ದರೆ ಸಂಗಾತಿಯ ಮರಣಕ್ಕೆ ಗರಿಷ್ಠ 100 ಅಂಕಗಳಿವೆ. ಇಂತಹ ದಿನಗಳಲ್ಲಿಯೇ ಮರಣ ಪ್ರಮಾಣ ಪತ್ರ, ಕುಟುಂಬ ಪಿಂಚಣಿ, ವಂಶವೃಕ್ಷ ದೃಢೀಕರಣ, ಪೌತಿ ಖಾತೆ ಮುಂತಾದವುಗಳಿಗಾಗಿ ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ದುಃಖದ ಸ್ವರೂಪ

ದುಃಖವು ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ ಎಂಬ ಐದು ಹಂತಗಳಲ್ಲಿ ಕ್ರಮವಾಗಿ ಸಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ ಅವರು 1969ರಲ್ಲಿ ಈ ಹಂತಗಳನ್ನು ವಿವರಿಸಿದ್ದು ಮರಣಾಸನ್ನರಾದ ರೋಗಿಗಳೊಂದಿಗೆ ನಡೆಸಿದ ಸಂಭಾಷಣೆಗಳ ಆಧಾರದ ಮೇಲೆ. ಅಗಲಿದವರ ಬಂಧುಗಳಿಗೆ ಅದನ್ನು ಅನ್ವಯಿಸಿದ್ದು ನಂತರದ ಬೆಳವಣಿಗೆ. ಎಲ್ಲರೂ ಈ ಕ್ರಮದಲ್ಲಿಯೇ ಸಾಗುವುದಿಲ್ಲ, ಸಾಗಬೇಕಾಗಿಯೂ ಇಲ್ಲ.

ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಅವರು 1999ರಲ್ಲಿ ಮಂಡಿಸಿದ ವಿವರಣೆಯು ಅರ್ಜಿದಾರರ ಅನುಭವಕ್ಕೆ ಹೆಚ್ಚು ಹತ್ತಿರವಾಗಿದೆ. ಇದರ ಪ್ರಕಾರ ಮನಸ್ಸಿಗೆ ಏಕಕಾಲದಲ್ಲಿ ಎರಡು ಕೆಲಸಗಳಿರುತ್ತವೆ. ಒಂದು, ಅಗಲಿಕೆಯನ್ನು ಅನುಭವಿಸುವುದು. ಇನ್ನೊಂದು, ಬದಲಾದ ಬದುಕನ್ನು ಕಟ್ಟಿಕೊಳ್ಳುವುದು. ಆರೋಗ್ಯವಂತ ಮನಸ್ಸು ಇವೆರಡರ ನಡುವೆ ಹಿಂದಕ್ಕೂ ಮುಂದಕ್ಕೂ ಓಲಾಡುತ್ತಿರುತ್ತದೆ. ಬೆಳಿಗ್ಗೆ ನಾಡಕಚೇರಿಯಲ್ಲಿ ದೃಢವಾಗಿ ನಿಂತು ದಾಖಲೆಗಳನ್ನು ಸಲ್ಲಿಸಿದ ಮಹಿಳೆಗೆ ಸಂಜೆ ಪತಿಯ ಕನ್ನಡಕ ಕಣ್ಣಿಗೆ ಬಿದ್ದೊಡನೆ ಅಳು ಉಕ್ಕಬಹುದು. ಎಂದೂ ಅಡುಗೆಮನೆಗೆ ಹೋಗದಿದ್ದ ವೃದ್ಧರು ಅನ್ನ ಮಾಡುವುದನ್ನು ಕಲಿಯುತ್ತಿರುವಾಗಲೇ ಪತ್ನಿಯನ್ನು ನೆನೆದು ಸುಮ್ಮನೆ ಕುಳಿತುಬಿಡಬಹುದು. ಇದು ದೌರ್ಬಲ್ಯವಲ್ಲ. ಅಂತೆಯೇ, ಪಿಂಚಣಿಯ ವಿಚಾರ ಮಾತನಾಡಿದವರನ್ನು ‘ಇಷ್ಟು ಬೇಗ ಹಣದ ಚಿಂತೆಯೇ’ ಎಂದು ನೆಂಟರಿಷ್ಟರು ಆಡಿಕೊಳ್ಳುವುದು ಸರಿಯಲ್ಲ. ಅರ್ಜಿ ತುಂಬುವುದೂ ಹೊಂದಾಣಿಕೆಯ ಒಂದು ಭಾಗವೇ ಆಗಿದೆ.

ಹನ್ನೊಂದನೆಯ ಹಾಗೂ ಹದಿಮೂರನೆಯ ದಿನದ ಕರ್ಮಗಳು, ಮಾಸಿಕ, ಇದ್ದತ್ ಮುಂತಾದ ಆಚರಣೆಗಳು ದುಃಖಕ್ಕೆ ಸಮಯವನ್ನೂ ಜೊತೆಯನ್ನೂ ಒದಗಿಸುತ್ತವೆ. ಬಂಧುಗಳು ತಮ್ಮ ಊರುಗಳಿಗೆ ಮರಳಿದ ನಂತರ ಮನೆ ಬರಿದಾಗುತ್ತದೆ. ಅನೇಕರಿಗೆ ನಿಜವಾದ ಕಷ್ಟ ಆರಂಭವಾಗುವುದು ಆಗಲೇ. ಜೊತೆಯಲ್ಲಿ ಕಚೇರಿಗೆ ಬರುವವರ ಅಗತ್ಯವೂ ಆಗಲೇ ಹೆಚ್ಚು.

ತಡಮಾಡಬಾರದ ಕೆಲಸ

ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮ, 1969ರನ್ವಯ ಮರಣದ ಮಾಹಿತಿಯನ್ನು 21 ದಿನಗಳೊಳಗೆ ನೀಡತಕ್ಕದ್ದು. ಆಸ್ಪತ್ರೆಯಲ್ಲಿ ಮರಣ ಸಂಭವಿಸಿದಲ್ಲಿ ಮಾಹಿತಿ ನೀಡುವ ಹೊಣೆ ಆಸ್ಪತ್ರೆಯದಾಗಿರುತ್ತದೆ. ಮನೆಯಲ್ಲಿ ಸಂಭವಿಸಿದಲ್ಲಿ ಕುಟುಂಬದ ಮುಖ್ಯಸ್ಥರು ಅಥವಾ ಹತ್ತಿರದ ಸಂಬಂಧಿಕರು ಮಾಹಿತಿ ನೀಡಬಹುದು. ಆದುದರಿಂದ ಸೂತಕದಲ್ಲಿರುವ ಪತ್ನಿ ಅಥವಾ ಪತಿಯೇ ಖುದ್ದಾಗಿ ಹೋಗಬೇಕೆಂದಿಲ್ಲ. 21 ದಿನ ಮೀರಿ 30 ದಿನಗಳೊಳಗಾದರೆ ವಿಳಂಬ ಶುಲ್ಕ ಪಾವತಿಸಬೇಕಾಗುತ್ತದೆ. ಒಂದು ವರ್ಷ ಮೀರಿದಲ್ಲಿ ದಂಡಾಧಿಕಾರಿಗಳ ಆದೇಶ ಅಗತ್ಯ. ಮುಂದಿನ ಬಹುತೇಕ ಎಲ್ಲ ಅರ್ಜಿಗಳಿಗೂ ಈ ಪ್ರಮಾಣ ಪತ್ರವೇ ಆಧಾರವಾದುದರಿಂದ ಹೆಚ್ಚಿನ ಪ್ರತಿಗಳನ್ನು ಪಡೆದಿಟ್ಟುಕೊಳ್ಳುವುದು ಒಳಿತು.

ತೀವ್ರ ದುಃಖದಲ್ಲಿ ಏಕಾಗ್ರತೆಯೂ ನೆನಪಿನ ಶಕ್ತಿಯೂ ಕುಂದುವುದು ಸಾಮಾನ್ಯ. ಕೌಂಟರಿನಲ್ಲಿ ಹೇಳಿದ್ದು ಮನೆ ಸೇರುವಷ್ಟರಲ್ಲಿ ಮರೆತುಹೋಗುತ್ತದೆ. ಒಂದೇ ಕಡತದಲ್ಲಿ ಎಲ್ಲ ದಾಖಲೆಗಳನ್ನಿಟ್ಟು, ಹೋದ ದಿನಾಂಕ, ಸ್ವೀಕೃತಿ ಸಂಖ್ಯೆ ಹಾಗೂ ಮುಂದೆ ಬರಬೇಕಾದ ದಿನವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡತಕ್ಕದ್ದು.

ಅವಸರಪಡಬಾರದ ಕೆಲಸ

ಮನೆ ಅಥವಾ ಜಮೀನಿನ ಮಾರಾಟ, ಊರು ಬಿಟ್ಟು ಮಕ್ಕಳೊಡನೆ ಶಾಶ್ವತವಾಗಿ ನೆಲೆಸುವುದು ಮತ್ತು ವಿಶೇಷವಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡುವುದು ಈ ವರ್ಗಕ್ಕೆ ಸೇರುತ್ತವೆ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರನ್ವಯ ಉಯಿಲು ಬರೆಯದೆ ಮೃತನಾದ ಪುರುಷನ ಸ್ವತ್ತಿನಲ್ಲಿ ಪತ್ನಿಯು ಮಕ್ಕಳು ಹಾಗೂ ಮೃತನ ತಾಯಿಯೊಂದಿಗೆ ಪ್ರಥಮ ದರ್ಜೆಯ ವಾರಸುದಾರಳು. ಕರ್ಮಾಂತರದ ದಿನ ಎಲ್ಲರೂ ಸೇರಿದ್ದಾರೆಂಬ ಕಾರಣಕ್ಕೆ ಕಾಗದ ಮುಂದಿಡುವ ರೂಢಿ ಕೆಲವೆಡೆ ಇದೆ. ‘ಎಲ್ಲಿ ಬೇಕಾದರೂ ಸಹಿ ಮಾಡುತ್ತೇನೆ, ನನಗೇನೂ ಬೇಡ’ ಎಂಬ ಮಾತು ಆ ಹೊತ್ತಿನ ಶೂನ್ಯಭಾವದಿಂದ ಬಂದುದಾಗಿರಬಹುದು. ನೋಂದಣಿಯಾದ ಪತ್ರವನ್ನು ನಂತರ ರದ್ದುಗೊಳಿಸುವುದು ಸುಲಭವಲ್ಲ. ಪೌತಿ ಖಾತೆಯನ್ನು ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿಯಾಗಿ ಮಾಡಿಸಿಕೊಳ್ಳಲು ಅವಕಾಶವಿರುವುದರಿಂದ ವಿಭಜನೆಯ ಮಾತನ್ನು ಕೆಲವು ತಿಂಗಳು ಮುಂದೂಡಬಹುದಾಗಿದೆ.

ನೆರವು ಪಡೆಯಬೇಕಾದ ಸಂದರ್ಭ

ಬಹುಪಾಲು ಜನರಲ್ಲಿ ದುಃಖದ ತೀವ್ರತೆ ಚಿಕಿತ್ಸೆಯಿಲ್ಲದೆಯೇ ನಿಧಾನವಾಗಿ ಇಳಿಯುತ್ತದೆ; ಹಬ್ಬದ ದಿನ, ವರ್ಷಾಬ್ದಿಕದ ದಿನ ಮತ್ತೆ ಏರುವುದೂ ಸಹಜ. ಆದರೆ ಆರು ತಿಂಗಳು ಮೀರಿದ ನಂತರವೂ ನಿತ್ಯದ ಕೆಲಸ ನಡೆಸಲಾಗದಷ್ಟು ಹಂಬಲ ಮತ್ತು ನೋವು ಎಡೆಬಿಡದೆ ಉಳಿದಲ್ಲಿ ವೈದ್ಯರನ್ನು ಕಾಣುವುದು ಅವಶ್ಯಕ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಇದನ್ನು ಪ್ರತ್ಯೇಕ ಸಮಸ್ಯೆಯೆಂದು ಗುರುತಿಸಲಾಗಿದೆ. ಅಗಲಿದವರ ಬಳಿಗೆ ಹೋಗಿಬಿಡಬೇಕೆಂಬ ಆಲೋಚನೆ, ಊಟ ನಿದ್ರೆ ಪೂರ್ಣವಾಗಿ ತಪ್ಪುವುದು, ಹೊಸದಾಗಿ ಮದ್ಯಪಾನಕ್ಕೆ ಶರಣಾಗುವುದು ಕಂಡುಬಂದಲ್ಲಿ ಆರು ತಿಂಗಳು ಕಾಯತಕ್ಕದ್ದಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತವಾಗಿದ್ದು, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ದುಃಖದಲ್ಲಿರುವವರ ಪರವಾಗಿ ಮನೆಯವರೂ ಕರೆ ಮಾಡಿ ಸಲಹೆ ಪಡೆಯಬಹುದು.