ಇನ್‌ಲೈನ್ ಸ್ಕೇಟಿಂಗ್

ಇನ್‌ಲೈನ್ ಸ್ಕೇಟಿಂಗ್ ಎಂಬುದು ಒಂದೇ ಸಾಲಿನಲ್ಲಿ ಚಕ್ರಗಳನ್ನು ಜೋಡಿಸಿದ ಬೂಟುಗಳನ್ನು ಧರಿಸಿ ಸಾಗುವ ಕ್ರೀಡೆ ಹಾಗೂ ಹವ್ಯಾಸ. ಇದರಲ್ಲಿ ವೇಗ ಪಡೆಯುವುದಕ್ಕಿಂತ ನಿಲ್ಲುವುದೇ ಕಠಿಣವಾದ ಕೌಶಲ. 18ನೆಯ ಶತಮಾನದಲ್ಲಿ ಲಂಡನ್ನಿನಲ್ಲಿದ್ದ ಸಂಶೋಧಕ ಜಾನ್ ಜೋಸೆಫ್ ಮರ್ಲಿನ್ ತಾನೇ ರೂಪಿಸಿದ ಚಕ್ರದ ಬೂಟು ತೊಟ್ಟು, ಪಿಟೀಲು ನುಡಿಸುತ್ತ ಔತಣಕೂಟವೊಂದಕ್ಕೆ ಬಂದು, ನಿಲ್ಲಲಾಗದೆ ಬೆಲೆಬಾಳುವ ಕನ್ನಡಿಗೆ ಡಿಕ್ಕಿ ಹೊಡೆದನೆಂಬ ಪ್ರಸಂಗ ಪ್ರಸಿದ್ಧವಾಗಿದೆ.

ಇಂದಿನ ಹವ್ಯಾಸಿ ಸ್ಕೇಟುಗಳಲ್ಲಿ ಸಾಮಾನ್ಯವಾಗಿ ಬಲಗಾಲಿನ ಹಿಮ್ಮಡಿಯ ಹಿಂದೆ ರಬ್ಬರಿನ ಬ್ರೇಕ್ ಇರುತ್ತದೆ. ನಿಲ್ಲಲು ಮೊಣಕಾಲುಗಳನ್ನು ಬಗ್ಗಿಸಿ, ಬ್ರೇಕ್ ಇರುವ ಪಾದವನ್ನು ಮುಂದಕ್ಕೆ ಚಾಚಿ, ಅದರ ಮುಂಭಾಗವನ್ನು ಮೇಲೆತ್ತಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಬೇಕು. ಭಯದಿಂದ ನೆಟ್ಟಗೆ ನಿಂತು ಹಿಂದಕ್ಕೆ ವಾಲಿದವರು ಬೀಳುವುದೇ ಹೆಚ್ಚು. ಇನ್ನೊಂದು ವಿಧಾನ ‘ಟಿ-ಸ್ಟಾಪ್’. ಹಿಂದಿನ ಪಾದವನ್ನು ಅಡ್ಡಲಾಗಿ ಇಟ್ಟು ಎಳೆಯುವ ಈ ಕ್ರಮದಲ್ಲಿ ಚಕ್ರಗಳ ಒಂದು ಅಂಚು ಬೇಗ ಸವೆಯುತ್ತದೆ. ಆದ್ದರಿಂದ ಅವುಗಳನ್ನು ಆಗಾಗ ಬಿಚ್ಚಿ, ಮಗ್ಗುಲು ಹಾಗೂ ಸ್ಥಾನ ಬದಲಿಸಿ ಜೋಡಿಸಬೇಕಾಗುತ್ತದೆ. ವೇಗಸ್ಪರ್ಧೆಯ ಸ್ಕೇಟುಗಳಲ್ಲಿ ಹಿಮ್ಮಡಿಯ ಬ್ರೇಕ್ ಸಾಮಾನ್ಯವಾಗಿ ಇರುವುದಿಲ್ಲ. ಅವು ಹೊಸಬರಿಗೆ ತಕ್ಕವಲ್ಲ.

ಬೀಳುವಾಗ ಕೈ ಊರುವುದು ಸಹಜ ಪ್ರವೃತ್ತಿಯಾದ್ದರಿಂದ ಮಣಿಕಟ್ಟಿನ ಮೂಳೆ ಮುರಿತ ಈ ಕ್ರೀಡೆಯಲ್ಲಿ ಪದೇಪದೇ ಕಂಡುಬರುವ ಗಾಯ. ಹೆಲ್ಮೆಟ್, ಮೊಣಕಾಲು ಮತ್ತು ಮೊಣಕೈ ಪ್ಯಾಡುಗಳಷ್ಟೇ ಮಣಿಕಟ್ಟಿನ ಗಾರ್ಡ್ ಕೂಡ ಅಗತ್ಯ. ಒದ್ದೆ ನೆಲ, ಮರಳು ಹಾಗೂ ಉದುರಿದ ಎಲೆಗಳ ಮೇಲೆ ಚಕ್ರಗಳ ಹಿಡಿತ ತಪ್ಪುತ್ತದೆ.